ಅಕ್ಕನ ಅಂಗೈಯ ಜೆರಾಕ್ಸ್

ಕಳೆದ ಜೂನ್‌ನ ಒಂದು ಸೋಮವಾರ ಬಂಟ್ವಾಳದ ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಆಧಾರ್ ಕಾರ್ಡಿನ ಪ್ರತಿ ಮಸುಕಾಗಿ ಬಂತು. ಬಿಳಿ ಇರಬೇಕಾದಲ್ಲೆಲ್ಲ ಬೂದಿ ಉದುರಿಸಿದ ಹಾಗಿತ್ತು.

“ಮಳೆ ಅಲ್ವಾ ಅಣ್ಣ, ಪೌಡರಿಗೆ ಥಂಡಿ ಹಿಡಿದಿದೆ” ಎಂದರು ಅಂಗಡಿಯ ರಝಾಕ್.

ಬಿಸಿ ಕಾಗದದ ಆ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದು ಅಕ್ಕನ ಸೀರೆಯ ವಾಸನೆ.

ಅಕ್ಕ ಮೂಡುಬಿದಿರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಡಾಕ್ಟರೇಟಿಗೆ ಆರಿಸಿಕೊಂಡದ್ದು ಜೆರಾಕ್ಸ್ ಮೆಷಿನಿನ ಈ ಪುಡಿಯನ್ನೇ. ಅದರ ಬಗ್ಗೆ ಪತ್ರಿಕೆಗೆ ಬರೆಯಲು ಕುಳಿತ ನಾನು ಮೊದಲ ಸಾಲಿನಲ್ಲೇ ‘ಶಾಯಿ’ ಎಂದಿದ್ದೆ. ಅಕ್ಕ ಓದಿ ತಿದ್ದಿದಳು.

“ಶಾಯಿ ಎಲ್ಲಿ ಉಂಟು ಮಾರಾಯ? ಇದು ಒಣ ಪ್ಲಾಸ್ಟಿಕ್ ಪುಡಿ. ಕಬ್ಬಿಣದ ಸಣ್ಣ ಮಣಿಗಳಿಗೆ ಉಜ್ಜಿ ಕರೆಂಟು ಹಿಡಿಯುತ್ತದೆ. ಆಮೇಲೆ ಅಕ್ಷರ ಇರುವಲ್ಲಿಗೆ ಹೋಗಿ ಕೂರ್ತದೆ.”

“ಕೂರದಿದ್ದರೆ?”

“ಕರೆಂಟು ಕಮ್ಮಿಯಾದರೆ ಕರೆಯದಲ್ಲಿಗೂ ಹೋಗ್ತದೆ. ಜಾಸ್ತಿಯಾದರೆ ಕರೆದರೂ ಮಣಿ ಬಿಟ್ಟು ಬರುದಿಲ್ಲ. ಆಫೀಸು ಬಿಟ್ಟು ಮನೆಗೆ ಬಾರದ ನಿನ್ನ ಹಾಗೆ.”

ಈ ಎರಡರ ನಡುವಿನ ಹದ ಹುಡುಕುವುದೇ ಅವಳ ಕೆಲಸ. ಪುಡಿಗೆ ಚಿಟಿಕೆ ಸಿಲಿಕಾ, ಅಂದರೆ ಮರಳಿನ ಜಾತಿಯ ನುಣುಪು ಪುಡಿ, ಬೆರೆಸಿದರೆ ಕರೆಂಟು ಏರುತ್ತದೆ. ಆದರೆ ಸಾದಾ ಸಿಲಿಕಾ ಗಾಳಿಯ ತೇವ ಹೀರಿ ಆ ಕರೆಂಟನ್ನು ಸೋರಿಸಿಬಿಡುತ್ತದೆ. ನೀರು ಅಂಟದಂತೆ ಹದಗೊಳಿಸಿದ್ದು ಬೇಕು. ಅದನ್ನು ಪರೀಕ್ಷಿಸಲು ನಮ್ಮೂರಿನ ಮಳೆಯೇ ಸಾಕೆಂದು ಅಕ್ಕ ರಜೆಯಲ್ಲಿ ಬಾಟಲಿಗಳೊಂದಿಗೆ ಬರುತ್ತಿದ್ದಳು. ರಝಾಕರ ಹಳೆಯ ಮೆಷಿನಿಗೆ ಪುಡಿಯನ್ನು ಕುಲುಕಿ ತುಂಬಿಸಿ, ಗಾಜಿನ ಮೇಲೆ ತನ್ನ ಅಂಗೈ ಇಟ್ಟು ಪ್ರತಿ ತೆಗೆಯುತ್ತಿದ್ದಳು. ಕಪ್ಪು, ಬೂದು, ತೆಳುಗೆರೆ ಮೂರೂ ಅಂಗೈಯಲ್ಲೇ ಸಿಗುತ್ತವೆ ಎಂಬುದು ಅವಳ ವಾದ.

“ಟೀಚರ್ ಭವಿಷ್ಯ ನೋಡುದಾ?” ಎಂದು ರಝಾಕ್ ಛೇಡಿಸುತ್ತಿದ್ದರು.

ಒಳ್ಳೆಯ ಪ್ರತಿಗಳು ಪ್ರಬಂಧದ ಜೊತೆ ವಿಶ್ವವಿದ್ಯಾಲಯಕ್ಕೆ ಹೋದವು. ಸಿಲಿಕಾ ಹೊಂದದೆ ಮಸುಕಾದ ಒಂದನ್ನು ನಾನು ಮಡಚಿ ಇಟ್ಟುಕೊಂಡಿದ್ದೆ. ಅಕ್ಕ ತೀರಿಕೊಂಡ ಮೇಲೆ ನನ್ನ ಪಾಲಿಗೆ ಉಳಿದ ಕೈ ಅದೊಂದೇ. ನರಿಕೊಂಬಿನ ದಾರಿಯಲ್ಲಿ ನನ್ನನ್ನು ಶಾಲೆಗೆ ಎಳೆದೊಯ್ದ ಕೈ. ಮಡಿಕೆಯಲ್ಲಿ ಪುಡಿ ಉದುರಿ ಈಗ ಹೆಬ್ಬೆರಳಿನ ಬುಡ ಬಿಳಿಯಾಗಿದೆ.

ಇನ್ನಷ್ಟು ಉದುರುವ ಮೊದಲು ಇನ್ನೊಂದು ಪ್ರತಿ ಇರಲೆಂದು ಮರುದಿನ ಅದನ್ನು ರಝಾಕರಿಗೆ ಕೊಟ್ಟೆ. ಅವರು ಅದನ್ನು ಗಾಜಿನ ಮೇಲಿಟ್ಟರು. ಹಿನ್ನೆಲೆ ಅಳಿಸುವ ಗುಂಡಿ ಒತ್ತಿದರು. ಬೂದು ಹೋಯಿತು, ಜೊತೆಗೆ ಅಂಗೈಯ ತೆಳುಗೆರೆಗಳೂ ಹೋದವು.

“ಕ್ಲೀನ್ ಬಂತಲ್ಲ ಅಣ್ಣ.”

“ಇದು ಯಾರ ಕೈಯೂ ಆಗಿರಬಹುದು ರಝಾಕ್. ಬೂದು ಇರಲಿ.”

ಅವರು ಹಳೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ಪೌಡರಿನ ಡಬ್ಬಿ ತೆಗೆದು, ಅಕ್ಕ ಕುಲುಕುತ್ತಿದ್ದ ಹಾಗೆಯೇ ಕುಲುಕಿ ತುಂಬಿಸಿದರು. ಆ ಗುಂಡಿ ಮುಟ್ಟದೆ ತೆಗೆದ ಎರಡನೆಯ ಪ್ರತಿಯಲ್ಲಿ ಬೂದು ಬಂತು, ಗೆರೆಗಳೂ ಬಂದವು. ಹೆಬ್ಬೆರಳಿನ ಬುಡ ಬಿಳಿಯಾಗಿಯೇ ಇದೆ.