ಅಂಚೆಯವರ ಕೈಯ ಬೆಲ್ಲ

1962ರ ಏಪ್ರಿಲ್ ತಿಂಗಳು, ಬೆಳಗ್ಗೆ ಹನ್ನೊಂದರ ಹೊತ್ತು. ಶಿರ್ತಾಡಿಯ ನಮ್ಮ ಮನೆಯ ಜಗಲಿಯಲ್ಲಿ, ಎಡಗಡೆಯ ಕಂಬಕ್ಕೆ ತಾಗಿ ನಾನು ನಿಂತಿದ್ದೆ. ಅಂಚೆಯವರು ಕಾಗದ ಕೊಟ್ಟು ಕುಳಿತಿದ್ದರು.

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಅಂಚೆಯವರು ಯಾವ ಮನೆಯಲ್ಲೂ ಬೇಡ ಎಂದವರಲ್ಲ. ಬೆಲ್ಲದ ತುಂಡನ್ನು ಎಡಗೈಯಲ್ಲಿ ಮುಚ್ಚಿ ಹಿಡಿದು, ಚೊಂಬೆತ್ತಿ ನೀರು ಕುಡಿದು, “ತಂಪಾಯಿತು” ಎನ್ನುವರು. ದಿನವೂ ಅದೇ ಮಾತು.

ಅಂದು ಅಮ್ಮ ಚೊಂಬು ತರಲಿಲ್ಲ. ಬೇಲಿಯ ಬುಡದಲ್ಲಿ ಇರುವೆ ಮುತ್ತಿದ ಬೆಲ್ಲದ ತುಂಡುಗಳನ್ನು ಅಮ್ಮ ಬೆಳಗ್ಗೆಯೇ ಕಂಡಿದ್ದರು.

“ನಮ್ಮ ಮನೆಯ ಬೆಲ್ಲ ನಿಮಗೆ ಆಗುವುದಿಲ್ಲವಾ? ಬಿಸಾಡಲಿಕ್ಕಾದರೆ ತೆಗೊಳ್ಳುವುದು ಎಂತಕ್ಕೆ?”

ಅಂಚೆಯವರು ಬಲಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಎರಡು ಬೆರಳು ಇರಲಿಲ್ಲ. ನಾನು ಅಂಗಳದ ಕಡೆ ಮುಖ ತಿರುಗಿಸಿದೆ.

“ಸಕ್ಕರೆ ಕಾಯಿಲೆ ಅಕ್ಕ. ಸಿಹಿ ಮುಟ್ಟಲೇಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಬೇಡ ಅಂದ್ರೆ ನಿಮಗೆ ಬೇಜಾರು. ತಿಂದ್ರೆ ಕಾಲೇ ಹೋಗ್ತದೆ. ಮತ್ತೆ ಈ ಗುಡ್ಡ ಹತ್ತುವುದು ಹೇಗೆ?”

ಅಮ್ಮ ಒಳಗೆ ಹೋಗಿ ಉಪ್ಪು ಹಾಕಿದ ನೀರುಮಜ್ಜಿಗೆ ತಂದರು.

“ಮೊದಲೇ ಹೇಳಬಾರದಿತ್ತಾ ಮಾರಾಯ್ರೆ” ಎಂದರು, ಅಷ್ಟೆ.

ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವಳು ನನ್ನ ಅಕ್ಕ ಗುಲಾಬಿ. ಅವಳು ಬಾಗಿಲ ಹಿಂದೆ ನಿಂತಿದ್ದಳು. ಆ ಮಧ್ಯಾಹ್ನ ಊಟಕ್ಕೂ ಕೂರದೆ ಗುಡ್ಡದ ಎಲ್ಲ ಮನೆಗಳಿಗೆ ಹೋಗಿ, ಅಂಚೆಯವರಿಗೆ ಇನ್ನು ಬೆಲ್ಲ ಕೊಡಬೇಡಿ ಎಂದು ಹೇಳಿ ಬಂದವಳು ಅವಳೇ.