ಬಕೆಟ್ ಮೇಲೆ ನಿಂತ ಭಾವ

ನನ್ನ ಅಕ್ಕನ ಗಂಡನನ್ನು ಮನೆಯಲ್ಲೂ ಕಾರ್ಖಾನೆಯಲ್ಲೂ ಎಲ್ಲರೂ ಕರೆಯುತ್ತಿದ್ದದ್ದು ಬಕೆಟ್ ಭಾವ ಎಂದೇ. ಯಾರ ಮನೆಗೆ ಹೋದರೂ ಕ್ಷೇಮ ಸಮಾಚಾರಕ್ಕೆ ಮೊದಲು ಬಚ್ಚಲಿಗೆ ನುಗ್ಗಿ, ಬಕೆಟ್ ಬೋರಲು ಹಾಕಿ ತಳ ಬಡಿದು ನೋಡುವ ಮನುಷ್ಯ. "ಇವರ ಜೊತೆ ಎಲ್ಲಿಗೂ ಹೋಗೋ ಹಾಗಿಲ್ಲ, ಮಾನ ಹೋಗತ್ತೆ" ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು.

ಇಪ್ಪತ್ತಾರು ವರ್ಷ ಅವರು ನಡೆಸಿದ್ದು ಬಕೆಟ್ ಅಚ್ಚು ಹಾಕುವ ಒಂದೇ ಯಂತ್ರ. ಪ್ಲಾಸ್ಟಿಕ್ ಕಾಳು ಕರಗಿ ಅಚ್ಚಿಗಿಳಿದ ಮೇಲೆ ಬೇರೆಯವರು ಹತ್ತು ಎಣಿಸಿ ಅಚ್ಚು ತೆರೆದರೆ ಭಾವ ಬಕೆಟ್ ಗಟ್ಟಿಯಾಗಲೆಂದು ಹದಿನೈದು ಎಣಿಸುತ್ತಿದ್ದರು. ಪಕ್ಕದಲ್ಲಿ ಕೂತು ಬಕೆಟ್ಟಿನ ಅಂಚು ಹೆರೆಯುವುದು ನನ್ನ ಕೆಲಸ. ಪ್ರತಿ ಪಾಳಿಯ ಮೊದಲ ಬಕೆಟ್ಟನ್ನು ಭಾವ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಮೈತೂಕವನ್ನು ದೇವರು ಧಾರಾಳವಾಗಿಯೇ ಕೊಟ್ಟಿದ್ದ.

ಅಷ್ಟರಲ್ಲಿ ಅಕ್ಕಪಕ್ಕದ ದೇಶಗಳೆಲ್ಲ ಸೇರಿ, ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಹಾಕಬಾರದೆಂದು ಒಪ್ಪಂದ ಮಾಡಿಕೊಂಡವು. ಅಲ್ಲಿನ ಬಕೆಟ್ಟುಗಳು ಸುಂಕವಿಲ್ಲದೆ ಬಂದವು. ನಮ್ಮ ಕಾಳು ಬರುತ್ತಿದ್ದದ್ದು ಒಪ್ಪಂದದಾಚೆಯ ದೇಶದಿಂದ. ಅದರ ಸುಂಕ ಹಾಗೇ ಉಳಿಯಿತು. ಕೊನೆಗೆ ಅವರ ಬಕೆಟ್ಟೇ ನಮ್ಮ ಬಕೆಟ್ಟಿಗೆ ಬೇಕಾದ ಕಾಳಿಗಿಂತ ಅಗ್ಗವಾಯಿತು. ಇದನ್ನು ಕೂತು ಯೋಚಿಸಿದ ದೊಡ್ಡ ಮನುಷ್ಯರ ಬಚ್ಚಲಲ್ಲಿ ಬಕೆಟ್ಟೇ ಇಲ್ಲವೇನೋ! ಏಳು ಯಂತ್ರಗಳಲ್ಲಿ ಆರು ನಿಂತವು. ಭಾವನದೊಂದು ಉಳಿದದ್ದು ಒಬ್ಬ ಸಗಟು ವ್ಯಾಪಾರಿಯ ದಯೆಯಿಂದ. ಆತ ಕೈಬಿಟ್ಟರೆ ಅದೂ ನಿಲ್ಲುತ್ತಿತ್ತು.

ಒಂದು ದಿನ ಆತನೂ ಹೊರಗಿನ ಬಕೆಟ್ ಹಿಡಿದು ಬಂದ. "ಅರ್ಧ ಬೆಲೆಗೆ ಕೊಡ್ತಾರೆ. ಆದ್ರೆ ಒಡೆದು ಗಿಡೆದು ಹೋದ್ರೆ ಗಿರಾಕಿ ನನ್ನ ಸುಮ್ನೆ ಬಿಡಲ್ಲ. ಅದೇ ಯೋಚನೆ," ಎಂದ.

ಮಾಲೀಕರು ಬಾಯಿ ತೆರೆಯುವ ಮೊದಲೇ ಭಾವ ಕೈಯೊರೆಸಿಕೊಂಡು ಮುಂದೆ ಬಂದರು. "ಯೋಚನೆ ಯಾಕೆ ಸಾಹುಕಾರ್ರೇ? ಕಣ್ಣೆದುರಿಗೇ ತೋರಿಸ್ತೀನಿ."

"ಭಾವ, ಬೇಡಿ," ಎಂದೆ. ಕೇಳಿಸಿಕೊಂಡರೆ ತಾನೆ!

ಬೋರಲು ಹಾಕಿದರು, ಹತ್ತಿದರು. ಬಕೆಟ್ ಸದ್ದೇ ಮಾಡಲಿಲ್ಲ. ಒಂಟಿ ಕಾಲಲ್ಲಿ ನಿಂತರು. ಆಮೇಲೆ ಸಣ್ಣಗೆ ಕುಪ್ಪಳಿಸಿಯೂ ನೋಡಿದರು. ಒಡೆದುಹೋಗು ಮಾರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಮಾತು ಕೇಳುವ ದರ್ದು ಅದಕ್ಕೇನಿತ್ತು?

ವ್ಯಾಪಾರಿಯ ಮುಖ ನಿರಾಳವಾಯಿತು. ಭಾವನನ್ನು ಇಳಿಸಲು ತಾನೇ ಕೈ ಕೊಟ್ಟ. "ಹೇಗಿದೆ? ನೀವು ಹೇಳಿದ್ರೆ ಮುಗೀತು," ಎಂದ.

ಒಂದು ಸುಳ್ಳು ಸಾಕಿತ್ತು. ತಳ ತೆಳು ಎಂದಿದ್ದರೂ ಆತ ನಂಬುತ್ತಿದ್ದ. ಭಾವ ಬಕೆಟ್ ಎತ್ತಿ, ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಚೆನ್ನಾಗಿ ಮಾಡಿದಾರೆ," ಎಂದರು.

ಮಾಲೀಕರು ಬಯ್ಯಲಿಲ್ಲ, ಬಯ್ದಿದ್ದರೆ ಎಷ್ಟೋ ಮೇಲಿತ್ತು. ಸಂಜೆ ಯಂತ್ರ ನಿಲ್ಲಿಸಿ, "ನಾಳೆಯಿಂದ ಬರಬೇಡಿ," ಎಂದರು, ಇಬ್ಬರಿಗೂ.

ನಮ್ಮ ಬೀದಿಯ ತಿರುವಿನಲ್ಲಿ ಭಾವ ನಿಂತು, "ಸುಳ್ಳು ಹೇಳೋಣ ಅಂತಾನೇ ಬಾಯಿ ತೆಗೆದೆ ಕಣೋ, ಬರ್ಲಿಲ್ಲ. ನಿಮ್ಮಕ್ಕನಿಗೆ ಏನಂತ ಹೇಳ್ಲಿ?" ಎಂದರು.

ಮನೆ ಬಂತು. ಇಬ್ಬರೂ ಅದನ್ನು ದಾಟಿ ಸುಮ್ಮನೆ ಮುಂದಕ್ಕೆ ನಡೆದುಬಿಟ್ಟೆವು.