ಬಸ್ಸಿನ ಕಾಕ ಮ್ಯಾನೇಜರ್ ಆದದ್ದು

ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ವಾಲಿಕೊಂಡಿತ್ತು. ಸ್ಟಿಯರಿಂಗ್ ಹಿಡಿದಾಗ ಉಳಿದ ಬೆರಳುಗಳೆಲ್ಲ ಅದನ್ನು ಸುತ್ತಿಕೊಂಡರೆ ಇದೊಂದು ಮಾತ್ರ ಯಾರನ್ನೋ ಕರೆಯುವ ಹಾಗೆ ಗಾಳಿಯಲ್ಲಿ ನಿಂತಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಸ್ಕತ್‌ನ ಅಲ್ ಗುಬ್ರಾದಿಂದ ಮದೀನತ್ ಸುಲ್ತಾನ್ ಖಾಬೂಸ್‌ನ ಶಾಲೆಗೆ ಹೋಗುವ ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಆ ಬೆರಳನ್ನು ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟೆ.

"ಇದಾ? ಇದು ಬೇಸ್‌ಬಾಲ್, ಟೀಚರ್," ಎಂದರು, ಹೆಮ್ಮೆಯಿಂದ.

ನಾನು ಟೀಚರ್ ಆಗಿರಲಿಲ್ಲ. ಶಾಲೆಯ ಕ್ರೀಡಾ ವಿಭಾಗದಲ್ಲಿ ಗುಮಾಸ್ತೆ, ಅದೂ ತಾತ್ಕಾಲಿಕ. ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. "ಶಾಲೆ ಒಳಗೆ ಕೂತವರೆಲ್ಲ ಟೀಚರೇ" ಎನ್ನುತ್ತಿದ್ದರು. ಅವರು ಉಳ್ಳಾಲದ ಕಡೆಯ ಬ್ಯಾರಿ. ನಮ್ಮೂರು ಕಾಪು. ಊರಿನಲ್ಲಿ ಹಿರಿಯ ಬ್ಯಾರಿಗಳನ್ನು ಕರೆಯುವ ವಾಡಿಕೆಯಂತೆ ನಾನು ಕಾಕ ಎಂದು ಕರೆದೆ. ಮಕ್ಕಳೂ ಮಾಸ್ತರುಗಳೂ ಅದನ್ನೇ ಹಿಡಿದುಕೊಂಡರು.

ಒಮಾನಿನ ದುಕ್ಮ್‌ನಲ್ಲಿ ಬಂದರು ಕಟ್ಟುತ್ತಿದ್ದ ಕಾಲದಲ್ಲಿ ಅವರು ಅಲ್ಲಿ ಕಂಪನಿ ಬಸ್ಸು ಓಡಿಸುತ್ತಿದ್ದರಂತೆ. ಶುಕ್ರವಾರ ಅಮೆರಿಕದ ಎಂಜಿನಿಯರುಗಳು ಮರಳಿನ ಮೇಲೆ ಬೇಸ್‌ಬಾಲ್ ಆಡುವಾಗ ಒಬ್ಬ ಕಡಿಮೆ ಬಿದ್ದ. ನೆರಳಿನಲ್ಲಿ ಕೂತಿದ್ದ ಡ್ರೈವರನ್ನು ಕರೆದು ದಾಂಡಿಗನ ಹಿಂದೆ ಚೆಂಡು ಹಿಡಿಯಲು ನಿಲ್ಲಿಸಿದರು. ಮೊದಲ ದಿನವೇ ಬೆರಳು ಮುರಿಯಿತು. ಮುಂದಿನ ಶುಕ್ರವಾರ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹೋಗಿ ನಿಂತರು. ಹಾಗೆ ಹಿಡಿದ ಹುಚ್ಚು ಮಸ್ಕತ್‌ಗೆ ಬಂದ ಮೇಲೂ ಬಿಡಲಿಲ್ಲ. ಒಬ್ಬ ಎಂಜಿನಿಯರ್ ಪ್ರೀತಿಸುತ್ತಿದ್ದ ಅಮೆರಿಕದ ತಂಡವೊಂದನ್ನು ಇವರೂ ತಮ್ಮದಾಗಿ ಮಾಡಿಕೊಂಡಿದ್ದರು. ಆ ತಂಡ ಸೋಲುವುದರಲ್ಲಿ ನಿಸ್ಸೀಮ.

ಬಸ್ಸಿನಲ್ಲಿ ಈ ಆಟದ ಇನ್ನೊಬ್ಬ ಅಭಿಮಾನಿ ಇದ್ದಳು, ಶಾಲೆಯ ಫಿಲಿಪ್ಪೀನ್ಸ್ ನರ್ಸ್. ಅಮೆರಿಕದಲ್ಲಿ ರಾತ್ರಿ ಆಡುವ ಆಟ ಇಲ್ಲಿ ಬೆಳಿಗ್ಗೆಗೆ ಮುಗಿಯುತ್ತಿತ್ತು. ಇಬ್ಬರೂ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ದಾರಿಯುದ್ದಕ್ಕೂ ವಾದ ಮಾಡುತ್ತಿದ್ದರು. ಆಟದ ಕಾಲ ಮುಗಿದರೆ ವಾದ ಇನ್ನೂ ಜೋರಾಗುತ್ತಿತ್ತು. ಆಗ ತಂಡಗಳು ಹಳೆಯ ಮ್ಯಾನೇಜರನ್ನು ತೆಗೆದು ಹೊಸಬರನ್ನು ಹುಡುಕುವ ಸಮಯ. ಕ್ರಿಕೆಟಿನಲ್ಲಿ ನಾಯಕ ಮೈದಾನದಲ್ಲಿ ನಿಂತು ಮಾಡುವ ಎಷ್ಟೋ ತೀರ್ಮಾನಗಳನ್ನು ಬೇಸ್‌ಬಾಲಿನಲ್ಲಿ ಬೆಂಚಿನ ಮೇಲೆ ಕೂತ ಮ್ಯಾನೇಜರ್ ಮಾಡುತ್ತಾನೆ ಎಂದು ನನಗೆ ತಿಳಿದದ್ದೇ ಈ ವಾದಗಳಿಂದ.

"ಮ್ಯಾನೇಜರ್ ಅಂದ್ರೆ ನಮ್ಮ ಡ್ರೈವರುಗಳ ಹಾಗೆ, ಟೀಚರ್," ಎಂದು ಕಾಕ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. "ಬಸ್ಸು ಸರಿ ಹೋದ್ರೆ ಡ್ರೈವರ್ ಯಾರು ಅಂತ ಯಾರೂ ಕೇಳುದಿಲ್ಲ. ಒಮ್ಮೆ ಬ್ರೇಕ್ ಜೋರು ಹಾಕಿದ್ರೆ ಎಲ್ಲರಿಗೂ ಇವನ ಮುಖ ನೋಡ್ಲಿಕ್ಕುಂಟು."

ನಮ್ಮ ಶಾಲೆಯಲ್ಲೂ ಹುಡುಗಿಯರ ಬೇಸ್‌ಬಾಲ್ ತಂಡವೊಂದಿತ್ತು. ನನ್ನ ಮಗಳು ಅದರಲ್ಲಿ ಆಡುತ್ತಿದ್ದಳು. ಆಗ ಅವಳಿಗೆ ಹದಿಮೂರು. ಅಮ್ಮನಾದ ನಾನು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಪದದ ಉತ್ತರ ಕೊಟ್ಟು ಕೋಣೆ ಸೇರಿಕೊಳ್ಳುತ್ತಿದ್ದ ಅವಳು ಮೈದಾನದಲ್ಲಿ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದಳು. ನಾನು ಬೇಲಿಯ ಹೊರಗೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ಆ ವರ್ಷ ಪಂದ್ಯಗಳಿಗೆ ಆರು ವಾರ ಇದೆ ಎನ್ನುವಾಗ ತಂಡದ ಕೋಚ್ ತಂದೆಯ ಕಾಯಿಲೆಯೆಂದು ತನ್ನ ದೇಶಕ್ಕೆ ಹೋದವರು ಹಿಂತಿರುಗಲಿಲ್ಲ. ವಾರದೊಳಗೆ ಯಾರಾದರೂ ಸಿಗದಿದ್ದರೆ ಈ ಸಲ ತಂಡ ಬೇಡ ಎಂದರು ಪ್ರಿನ್ಸಿಪಾಲರು. ಆ ಸಂಜೆ ಮಗಳು ಊಟ ಮಾಡಲಿಲ್ಲ.

ಮರುದಿನ ಬಸ್ಸಿನಲ್ಲಿ ಅದೇ ಚರ್ಚೆ. ವ್ಯಾಯಾಮದ ಮಾಸ್ತರು ಆಗಬಹುದೇ ಎಂದಳು ನರ್ಸ್. "ಅವರಿಗೆ ಫುಟ್‌ಬಾಲ್ ಬಿಟ್ಟು ಬೇರೆ ಗೊತ್ತಿಲ್ಲ," ಎಂದರು ಕಾಕ. ಎಂಜಿನಿಯರ್ ಆಗಿದ್ದ ಒಬ್ಬಳ ಅಪ್ಪ? "ಅವರು ಮಗಳನ್ನು ಬಿಟ್ಟು ಯಾರನ್ನೂ ಆಡಿಸ್ಲಿಕ್ಕಿಲ್ಲ." ಯಾರ ಹೆಸರು ಹೇಳಿದರೂ ಅವರ ಬಳಿ ಕಾರಣ ಸಿದ್ಧವಿತ್ತು. ಯಾವ ಹುಡುಗಿಗೆ ಎಡಬದಿಯ ಚೆಂಡು ಬೇಗ ಕಾಣುತ್ತದೆ, ಯಾರು ಬೈದರೆ ಮುದುಡುತ್ತಾಳೆ, ಯಾರು ಬೈದರೇ ಎಚ್ಚರಗೊಳ್ಳುತ್ತಾಳೆ, ಮೈದಾನದ ಗೋಡೆ ಬಳಿ ಬಸ್ಸು ನಿಲ್ಲಿಸಿ ಕಾಯುವಾಗ ನೋಡಿದ್ದನ್ನೆಲ್ಲ ಹೇಳುತ್ತಾ ಹೋದರು.

"ನೀವೇ ಯಾಕೆ ಆಗಬಾರದು ಕಾಕ?" ಎಂದೆ.

ಅವರು ರೌಂಡಬೌಟಿನಲ್ಲಿ ನಮ್ಮ ದಾರಿ ಬಿಟ್ಟು ಇನ್ನೊಂದು ಸುತ್ತು ಹೊಡೆದರು. ಅಷ್ಟು ವರ್ಷಗಳಲ್ಲಿ ಅವರು ದಾರಿ ತಪ್ಪಿದ್ದು ಅದೊಂದೇ ಸಲ.

"ನನ್ನ ಲೈಸೆನ್ಸ್ ಬಸ್ಸಿಗೆ ಇರುದು, ಟೀಚರ್," ಎಂದರು ಕೊನೆಗೆ.

ಸಭೆಗಳಲ್ಲಿ ನನ್ನ ಕೆಲಸ ಟಿಪ್ಪಣಿ ಬರೆಯುವುದು, ಚಹಾ ಬಂತೇ ಎಂದು ನೋಡುವುದು. ಹೊಸ ಕೋಚ್‌ಗಾಗಿ ಕರೆದ ಸಭೆಯಲ್ಲಿ ಮಾತ್ರ ಪೆನ್ನು ಕೆಳಗಿಟ್ಟು ಅವರ ಹೆಸರು ಹೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಯಾರೋ ಒಬ್ಬರು, "ಯಾರು, ಡ್ರೈವರಾ?" ಎಂದು ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. ಕರೆಸಿ ಎಂದರು.

ಕಾಕ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ. ಪ್ರಿನ್ಸಿಪಾಲರಿಗೆ ಆಟದ ಪರಿಚಯವಿತ್ತು. "ಕೊನೆಯ ಸರದಿ. ನಾವು ಒಂದೇ ರನ್ ಮುಂದಿದ್ದೇವೆ. ಚೆಂಡು ಎಸೆಯುವ ಹುಡುಗಿ ದಣಿದಿದ್ದಾಳೆ. ಏನು ಮಾಡುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದರು.

ಕಾಕ ಸ್ವಲ್ಪ ಯೋಚಿಸಿ, "ಯಾವ ಹುಡುಗಿ ಮೇಡಂ?" ಎಂದರು.

"ಯಾರಾದರೂ."

"ಯಾರಾದರೂ ಅಂದ್ರೆ ಹೇಳ್ಲಿಕ್ಕೆ ಬರುದಿಲ್ಲ. ಒಬ್ಬಳಿಗೆ ನೀರು ಸಾಕು, ಒಬ್ಬಳನ್ನು ಬದಲಾಯಿಸಬೇಕು. ಇನ್ನೊಬ್ಬಳು ಬದಲಾಯಿಸಿದ್ರೆ ಮುಂದಿನ ವರ್ಷ ಆಟಕ್ಕೇ ಬರ್ಲಿಕ್ಕಿಲ್ಲ." ಹಿಂದಿಯಲ್ಲಿ ಶುರುವಾದ ಮಾತು ಕೊನೆಗೆ ಮಂಗಳೂರು ಕನ್ನಡಕ್ಕೆ ತಿರುಗಿತ್ತು. ನಾನು ಅನುವಾದಿಸಿದೆ. ಆ ಸಾಲಿಗೆ ಅವರೇ ತಂಡದ ಮ್ಯಾನೇಜರ್ ಎಂದು ಪ್ರಿನ್ಸಿಪಾಲರು ಕಾಗದಕ್ಕೆ ಸಹಿ ಹಾಕಿದರು.

ಆರು ವಾರ ಮಧ್ಯಾಹ್ನದ ಟ್ರಿಪ್ ಮುಗಿಸಿ, ನಮಾಜು ಮುಗಿಸಿ ಅವರು ಮೈದಾನಕ್ಕೆ ಬರುತ್ತಿದ್ದರು. ಕೂಗಾಡುತ್ತಿರಲಿಲ್ಲ. ತಪ್ಪು ಮಾಡಿದವಳನ್ನು ಹತ್ತಿರ ಕರೆದು ಏನೋ ಹೇಳಿ, "ಖಲಾಸ್. ಮುಗೀತು. ಯಲ್ಲಾ," ಎಂದು ಕಳಿಸುತ್ತಿದ್ದರು. ಪಂದ್ಯಗಳು ಶುರುವಾದ ಮೇಲೆ ನಾವು ಒಂದೊಂದೇ ಗೆಲ್ಲುತ್ತಾ ಹೋದೆವು. ಫೈನಲ್‌ನಲ್ಲಿ ಎದುರಾದದ್ದು ನಮ್ಮ ಹುಡುಗಿಯರು ಒಮ್ಮೆಯೂ ಗೆಲ್ಲದಿದ್ದ ಶಾಲೆ. ಆಟ ನಮ್ಮ ಮೈದಾನದಲ್ಲೇ.

ಪ್ರಿನ್ಸಿಪಾಲರು ಅಂದು ಕೇಳಿದ ಪ್ರಶ್ನೆ ಹಾಗೆಯೇ ಎದುರಿಗೆ ಬಂದು ನಿಂತಿತು. ಕೊನೆಯ ಸರದಿ, ನಾವು ಒಂದೇ ರನ್ ಮುಂದೆ. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬಳು ಔಟಾದರೆ ಆಟ ಮುಗಿದು ಗೆಲುವು ನಮ್ಮದು. ಇನ್ನಿಬ್ಬರು ಓಡಲು ಸಿದ್ಧವಾಗಿ ನಿಂತಿದ್ದಾರೆ. ದಾಂಡು ಹಿಡಿದು ಬಂದವಳು ಅವರ ತಂಡದ ಎತ್ತರದ ಹುಡುಗಿ. ಅವಳು ಹೊಡೆದ ಚೆಂಡೆಲ್ಲ ಎಡಮೂಲೆಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಡಮೂಲೆಯಲ್ಲಿ ನಿಂತವಳು ನನ್ನ ಮಗಳು. ಇಳಿಹೊತ್ತಿನ ಸೂರ್ಯ ನೇರ ಅವಳ ಕಣ್ಣಿಗೆ ಬಡಿಯುತ್ತಿದ್ದ. ಅವಳು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ತಡವರಿಸುತ್ತಿದ್ದುದು ನನಗೆ ಬೇಲಿಯಾಚೆಯಿಂದ ಕಾಣುತ್ತಿತ್ತು.

ಕಾಕ ಆಟ ನಿಲ್ಲಿಸಲು ಅಂಪೈರಿಗೆ ಕೈ ತೋರಿಸಿ ಎದ್ದರು. ಚೆಂಡೆಸೆಯುವ ಹುಡುಗಿಯ ಕಡೆಗೆ ಹೊರಟರು. ಎಷ್ಟು ನಿಧಾನ ಎಂದರೆ ಮದುವೆ ಊಟ ಮುಗಿಸಿ ಎದ್ದವರ ನಡಿಗೆ. ಮಧ್ಯದಲ್ಲಿ ನಿಂತು ಶೂ ಲೇಸು ಕಟ್ಟಿಕೊಂಡರು. ಹುಡುಗಿಯೊಡನೆ ಏನೋ ಮಾತಾಡಿದರು. ಅಂಪೈರ್ ಹತ್ತಿರ ಬಂದ ಮೇಲೆ ಸಲಾಂ ಹೇಳಿ, ಮಂಡಿ ಹಿಡಿದುಕೊಂಡು, ಅಷ್ಟೇ ನಿಧಾನವಾಗಿ ಹಿಂತಿರುಗಿದರು. ನನ್ನ ಪಕ್ಕದಲ್ಲಿದ್ದ ನರ್ಸ್, "ಈ ಮನುಷ್ಯನಿಗೆ ಏನಾಗಿದೆ?" ಎಂದು ಗೊಣಗಿದಳು.

ಅವರು ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಸೂರ್ಯ ಕಂದು ಗುಡ್ಡದ ಹಿಂದೆ ಇಳಿದ. ಇಡೀ ಮೈದಾನಕ್ಕೆ ಒಮ್ಮೆಲೇ ನೆರಳು ಹಾಸಿತು. ಮಗಳು ಕೈ ಕೆಳಗಿಳಿಸಿದಳು.

ಎತ್ತರದ ಹುಡುಗಿ ಮೊದಲ ಚೆಂಡನ್ನೇ ಬಾರಿಸಿದಳು. ಅದು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ, ಎಡಮೂಲೆಯ ಕಡೆಗೆ. ಮಗಳು ನಾಲ್ಕು ಹೆಜ್ಜೆ ಹಿಂದೆ ಸರಿದಳು, ನಿಂತಳು, ಎರಡೂ ಕೈ ಎತ್ತಿದಳು. ಚೆಂಡು ಕೈಗವಸಿಗೆ ಬಿದ್ದ ಸದ್ದು ಬೇಲಿಯವರೆಗೂ ಕೇಳಿಸಿತು.

ಆಮೇಲೆ ನಾನು ಏನು ಮಾಡಿದೆನೋ ನೆನಪಿಲ್ಲ. ನರ್ಸ್ ನನ್ನನ್ನು ಎತ್ತಿ ಸುತ್ತಿಸಿದಳಂತೆ. ಮಗಳು ಓಡಿ ಬಂದು ನನ್ನ ಕೊರಳಿಗೆ ಬಿದ್ದು, "ಅಮ್ಮಾ, ಈರ್ ತೂಯರಾ?" ಎಂದಳು. ನೀವು ನೋಡಿದಿರಾ ಎಂದು, ತುಳುವಿನಲ್ಲಿ.

ಕಾಕ ಟೋಪಿ ತೆಗೆದು ಬೆಂಚಿನ ಮೇಲಿಟ್ಟು ಮೆಲ್ಲಗೆ ಅಲ್‌ಹಮ್ದುಲಿಲ್ಲಾ ಎಂದರು. ನಾನು ಹತ್ತಿರ ಹೋಗಿ ಸೂರ್ಯನ ವಿಷಯ ಕೇಳಿದೆ.

"ಎಂಟು ವರ್ಷ ಇದೇ ಗೋಡೆ ಹತ್ತಿರ ಬಸ್ಸು ನಿಲ್ಲಿಸಿ ನೆರಳು ಕಾದವ ನಾನು," ಎಂದರು. "ಗುಡ್ಡ ಎಷ್ಟು ಹೊತ್ತಿಗೆ ಸೂರ್ಯನನ್ನು ನುಂಗ್ತದೆ ಅಂತ ಗೊತ್ತಾಗುದಿಲ್ವಾ? ಮಂಡಿ ನೋವಿದ್ದವ ಓಡಬೇಕು ಅಂತ ಯಾವ ರೂಲಿನಲ್ಲಿ ಉಂಟು?"

ಅಷ್ಟು ಹೊತ್ತು ಹುಡುಗಿಯೊಡನೆ ಏನು ಮಾತಾಡಿದಿರಿ ಎಂದೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯಾವ ಸೀಟು ಬೇಕು ಎಂದು ಕೇಳಿದರಂತೆ. ಅವಳು ಬಹಳ ಯೋಚಿಸಿ ಕಿಟಕಿ ಎಂದಳಂತೆ.

ಆ ಒಂದು ವರ್ಷಕ್ಕೆಂದು ಬರೆದ ಕಾಗದ ಮೂರು ವರ್ಷ ಮುಂದುವರಿಯಿತು. ಕಪ್ ಇನ್ನೊಮ್ಮೆ ನಮಗೇ ಬಂತು. ಸಭೆಗಳಲ್ಲಿ ನಾನು ಮಾತಾಡುವುದನ್ನು ಬಿಡಲಿಲ್ಲ, ಈಗ ಕ್ರೀಡಾ ವಿಭಾಗವನ್ನು ನಾನೇ ನೋಡಿಕೊಳ್ಳುತ್ತೇನೆ. ಕಾಕ ಅರವತ್ತು ತುಂಬಿದಾಗ ಕೆಲಸ ಬಿಟ್ಟು ಊರಿಗೆ ಹೋದರು. ಎರಡು ವರ್ಷದ ಮೇಲೆ, ಬೆಳಗಿನ ನಮಾಜು ಮುಗಿಸಿ ಕೂತಲ್ಲೇ ತೀರಿಹೋದರೆಂದು ಸುದ್ದಿ ಬಂತು.

ರಜೆಯಲ್ಲಿ ಊರಿಗೆ ಹೋದಾಗ ಉಳ್ಳಾಲದ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಒಳಗೆ ಕರೆದು ಕೂರಿಸಿ ಶರಬತ್ತು ತಂದುಕೊಟ್ಟರು. ಮಸ್ಕತ್‌ನ ಶಾಲೆಯವಳು ಎಂದು ತಿಳಿದ ಮೇಲೆ, "ಒಂದು ವಿಷಯ ಕೇಳ್ತೇನೆ, ಬೇಜಾರು ಮಾಡಬೇಡಿ," ಎಂದರು. "ಅಲ್ಲಿ ಮ್ಯಾನೇಜರ್ ಆಗಿದ್ದೇನೆ ಅಂತ ಇವರು ಫೋನಿನಲ್ಲಿ ಹೇಳ್ತಿದ್ರು. ತಮಾಷೆ ಮಾಡುದು ಅವರ ಅಭ್ಯಾಸ ಅಲ್ವಾ, ನಾವೆಲ್ಲ ನಗಾಡಿದೆವು. ಆಮೇಲೆ ಅವರು ಹೇಳುದು ಬಿಟ್ಟರು. ಅದು ಹೌದಾ?"

"ಹೌದು," ಎಂದೆ. "ಮೂರು ವರ್ಷ. ಎರಡು ಸಲ ಕಪ್ ಗೆದ್ದುಕೊಟ್ಟಿದ್ದಾರೆ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಅಂಗಳದಲ್ಲಿದ್ದ ಇಬ್ಬರು ಮಕ್ಕಳನ್ನೂ ಸೊಸೆಯನ್ನೂ ಪಕ್ಕದ ಮನೆಯ ನಾದಿನಿಯನ್ನೂ ಕರೆದರು. ಎಲ್ಲರೂ ಬಂದು ಚಾಪೆಯ ಮೇಲೆ ಕೂತರು. ಅವರು ನನ್ನ ಎದುರಿಗೇ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು:

"ಈಗ ಹೇಳಿ. ಮೊದಲಿಂದ ಹೇಳಿ."